ಮಾದಪ್ಪನ ಒಕ್ಕಲಿಗೆ ದಾರಿ ಯಾವಾಗ?

ತಾಳಬೆಟ್ಟದಿಂದ 27 ತಿರುವುಗಳನ್ನು ಏರಿ ಬರುವ ಬಸ್ಸುಗಳು ಮಲೆ ಮಹದೇಶ್ವರ ಬೆಟ್ಟದಲ್ಲಿ ದಿನವಿಡೀ ಭಕ್ತರನ್ನು ಇಳಿಸುತ್ತಲೇ ಇರುತ್ತವೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಬೆಟ್ಟದ ತುಂಬ ‘ಉಘೇ ಮಾದಪ್ಪ’ ಎಂಬ ಕೂಗು. ತಿಂಗಳ ಹುಂಡಿ ಎಣಿಕೆ ಎಷ್ಟೋ ಸಲ ಎರಡು ಕೋಟಿ ರೂಪಾಯಿ ದಾಟುತ್ತದೆ. 2023ರ ಮಾರ್ಚ್‌ನಲ್ಲಿ ಇಲ್ಲಿ 108 ಅಡಿ ಎತ್ತರದ ಮಹದೇಶ್ವರರ ಪ್ರತಿಮೆ ಅನಾವರಣಗೊಂಡಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸಚಿವ ಸಂಪುಟವೇ ಬೆಟ್ಟಕ್ಕೆ ಬಂದು ಸಭೆ ನಡೆಸಿತು.

ಇಷ್ಟೆಲ್ಲ ನಡೆಯುವ ಈ ಪೇಟೆಯ ಬೆನ್ನಿಗೇ, ಕಾಡಿನೊಳಕ್ಕೆ ಕಲ್ಲುದಾರಿಯೊಂದು ಹೊರಡುತ್ತದೆ. ಸುಮಾರು ಎಂಟು ಕಿಲೋಮೀಟರ್ ಹೋದರೆ ಇಂಡಿಗನತ್ತ. ಅಲ್ಲಿಂದ ಮುಂದೆ ಬೆಟ್ಟ ಹತ್ತಿದರೆ ನಾಗಮಲೆ. ಅತ್ತಿತ್ತ ಗುಡ್ಡಗಳ ಮರೆಯಲ್ಲಿ ಮೆಂದಾರೆ, ತುಳಸಿಕೆರೆ, ಪಡಸಲನತ್ತ, ದೊಡ್ಡಾಣೆ. ಎಲ್ಲವೂ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನವು. ಇಂಡಿಗನತ್ತದವರೆಗೆ ಜೀಪು ಏದುಸಿರು ಬಿಡುತ್ತ ಏರುತ್ತದೆ. ಮಳೆ ಹಿಡಿದರೆ ಕೊರಕಲುಗಳಲ್ಲಿ ಅದಕ್ಕೂ ದಾರಿಯಿಲ್ಲ.

ದೇವರಿಗೆ ಹತ್ತಿರದವರು

ಈ ಊರುಗಳಲ್ಲಿ ಹೆಚ್ಚಾಗಿ ಇರುವವರು ಬೇಡಗಂಪಣರು ಮತ್ತು ಸೋಲಿಗರು. ಮಾದಪ್ಪನ ಕಥೆಯಲ್ಲಿ ಇವರಿಬ್ಬರೂ ಹೊರಗಿನವರಲ್ಲ, ಒಳಗಿನವರು. ಬೆಟ್ಟದ ದೇಗುಲದಲ್ಲಿ ಪೂಜೆಯ ಹಕ್ಕು ತಲೆತಲಾಂತರದಿಂದ ಬೇಡಗಂಪಣರದು. ಸರದಿ ಬಂದಾಗ ಮನೆಯ ಗಂಡಸರು ಬೆಟ್ಟಕ್ಕೆ ಬಂದು ಮಡಿಯಲ್ಲಿದ್ದು ದೇವರ ಸೇವೆ ಮಾಡುತ್ತಾರೆ. ದೀಪಾವಳಿ ಜಾತ್ರೆಯ ಹಾಲರವೆ ಉತ್ಸವದಲ್ಲಿ ಕಾಡಿನ ಹಳ್ಳದಿಂದ ಕಳಶ ಹೊತ್ತು ತರುವ 101 ಹೆಣ್ಣುಮಕ್ಕಳೂ ಇದೇ ಸಮುದಾಯದವರು. ಉಪವಾಸವಿದ್ದು ಬರಿಗಾಲಲ್ಲಿ ನಡೆದು ಬರುವ ಆ ಮಕ್ಕಳಿಗೆ ಸಾವಿರಾರು ಜನ ಕೈಮುಗಿಯುತ್ತಾರೆ. ಜಾತ್ರೆ ಮುಗಿದ ಮೇಲೆ ಈ ಸಮುದಾಯದ ಎಷ್ಟೋ ಮಕ್ಕಳು ಮರಳುವುದು ದಾರಿಯೇ ಸರಿಯಿಲ್ಲದ ಊರುಗಳಿಗೆ. ಪೂಜೆಗೆ ಬೇಕಾದವರು ಯೋಜನೆಗಳ ಪಟ್ಟಿಗೆ ಬೇಡವಾದದ್ದು ಹೇಗೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ತಿರುಗಾಡಿದವರನ್ನು ಸುಮ್ಮನೆ ಬಿಡುವುದಿಲ್ಲ.

ಹೊಲ, ಕಾಡು, ಕ್ವಾರಿ

ಬೇಸಾಯವೆಲ್ಲ ಮಳೆಯಾಶ್ರಿತ. ಇಳಿಜಾರಿನ ತುಂಡು ಹೊಲಗಳಲ್ಲಿ ರಾಗಿ, ಅವರೆ, ಹುರುಳಿ, ಸಾಸಿವೆ, ಮುಸುಕಿನ ಜೋಳ ಬೆಳೆಯುತ್ತಾರೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆ, ಕಾಡುಹಂದಿ ಬರುತ್ತವೆ. ಆಗ ಮನೆಯವರು ರಾತ್ರಿಯೆಲ್ಲ ಅಟ್ಟಣೆ ಹತ್ತಿ, ಬೆಂಕಿ ಹಾಕಿ, ತಗಡು ಬಡಿಯುತ್ತ ಕಾವಲು ಕೂರಬೇಕು. ಉಳಿದದ್ದು ಮನೆಗೆ, ಮಾರಲು ಮಿಗುವುದು ಅಷ್ಟಕ್ಕಷ್ಟೆ.

ಬೆಳೆ ಕೈಕೊಟ್ಟ ವರ್ಷ ಗಂಡ ಹೆಂಡಿರಿಬ್ಬರೂ ಗಡಿ ದಾಟಿ ತಮಿಳುನಾಡಿನ ಕಲ್ಲು ಕ್ವಾರಿಗಳಿಗೋ ಕಬ್ಬು ಕಡಿಯುವುದಕ್ಕೋ ಹೋಗುತ್ತಾರೆ. ಊರಲ್ಲಿ ಅಜ್ಜಿ ತಾತಂದಿರು ಮತ್ತು ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ಅಜ್ಜಿ ತಾತ ಇಲ್ಲದ ಮನೆಯ ಮಕ್ಕಳು ಅಪ್ಪ ಅಮ್ಮನ ಜೊತೆ ಕ್ವಾರಿಗೇ ಹೋಗುತ್ತಾರೆ. ಅಲ್ಲಿಗೆ ಅವರ ಓದು ನಿಂತಂತೆಯೇ.

ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯಲು ಕಲಿತಿದ್ದಾರೆ. ಹುಲ್ಲು ಬೆಳೆಯಲು ಬಿಡದೆ ಕಾಡನ್ನೇ ಮುಚ್ಚಿದ ಈ ಕಳೆಗಿಡ ಹೀಗೆ ಕೆಲವು ಮನೆಗಳಿಗೆ ಅನ್ನ ಕೊಟ್ಟಿದೆ. ಕಾಡನ್ನು ಉಳಿಸುತ್ತಲೇ ಬದುಕುವ ದಾರಿಗಳಿವೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಡೋಲಿಯ ಹೆಗಲು

ಊರಿನ ಶಾಲೆ ಮೊದಲ ಕೆಲವು ತರಗತಿಗಳಿಗೆ ಮಾತ್ರ. ಹೈಸ್ಕೂಲಿಗೆ ಬೆಟ್ಟಕ್ಕೇ ಬರಬೇಕು, ಅದೂ ಆನೆ ತಿರುಗುವ ಕಾಡಿನಲ್ಲಿ ನಡೆದು. ಹೆಣ್ಣುಮಕ್ಕಳ ಓದು ಬಹುಮಟ್ಟಿಗೆ ತುಂಡಾಗುವುದು ಈ ನಡಿಗೆಯಲ್ಲೇ. ಮಗಳನ್ನು ಓದಿಸಬಾರದೆಂದು ಯಾವ ತಾಯಿಯೂ ಬಯಸುವುದಿಲ್ಲ. ಸಂಜೆ ಮಗಳು ಮನೆ ಸೇರುವ ತನಕ ತಾಯಿಯ ಜೀವ ಕೈಯಲ್ಲಿರುತ್ತದೆ, ಅಷ್ಟೆ.

ಕಾಯಿಲೆ ಬಿದ್ದರೆ ಕಷ್ಟ ಇನ್ನೂ ದೊಡ್ಡದು. ಎರಡು ಕೋಲಿಗೆ ಬಟ್ಟೆ ಕಟ್ಟಿ ಡೋಲಿ ಮಾಡಿ, ಹೆಗಲು ಬದಲಿಸುತ್ತ ರೋಗಿಯನ್ನು ಹೊತ್ತು ತರಬೇಕು. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು, ಹಾವು ಕಚ್ಚಿದವರನ್ನು ಹೀಗೆ ಹೊತ್ತು ತಂದ ಸುದ್ದಿ ಈ ಕಾಡಿನ ಊರುಗಳಿಂದ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುತ್ತದೆ. ಎರಡು ದಿನ ಚರ್ಚೆಯಾಗುತ್ತದೆ, ಮರೆತುಹೋಗುತ್ತದೆ. ಹೊರುವ ಹರೆಯದವರೆಲ್ಲ ಕ್ವಾರಿ ಕೆಲಸಕ್ಕೆ ಹೋದ ತಿಂಗಳುಗಳಲ್ಲಿ ಡೋಲಿಗೆ ಹೆಗಲು ಕೊಡುವವರೂ ಕಡಿಮೆ.

ಅರಣ್ಯ ಇಲಾಖೆ ಆರಂಭಿಸಿದ ‘ಜನ–ವನ ಸೇತುವೆ’ ಜೀಪುಗಳನ್ನು ಇಲ್ಲಿ ನೆನೆಯಬೇಕು. ಕಾಡೂರುಗಳ ಮಕ್ಕಳನ್ನು ಶಾಲೆಗೆ, ರೋಗಿಗಳನ್ನು ಆಸ್ಪತ್ರೆಗೆ ತಲುಪಿಸಲೆಂದೇ ಬಂದ ವಾಹನಗಳಿವು. ಜನರನ್ನು ತಡೆಯುವ ಇಲಾಖೆ ಎಂದೇ ಹೆಸರಾದ ಇಲಾಖೆ ಜನರಿಗಾಗಿ ಗಾಡಿ ಓಡಿಸಿದ್ದು ಸಣ್ಣ ಮಾತಲ್ಲ. ಮನಸ್ಸು ಮಾಡಿದರೆ ರಸ್ತೆಗೆ ಕಾಯದೆಯೂ ಎಷ್ಟೋ ಕೆಲಸ ಆಗುತ್ತದೆ ಎಂದು ಅದು ತೋರಿಸಿಕೊಟ್ಟಿತು.

ಮತಗಟ್ಟೆಯಲ್ಲಿ ಸಿಡಿದ ಸಿಟ್ಟು

2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಇಂಡಿಗನತ್ತದ ಹೆಸರು ನಾಡಿಗೆಲ್ಲ ಗೊತ್ತಾಯಿತು. ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಜನರ ಮನವೊಲಿಸಲು ಅಧಿಕಾರಿಗಳು ಬಂದರು. ಮಾತು ಜಗಳಕ್ಕೆ ತಿರುಗಿತು, ಮತಯಂತ್ರ ಪುಡಿಯಾಯಿತು. ಮೂರು ದಿನ ಬಿಟ್ಟು, 29ರಂದು ಮರುಮತದಾನ ನಡೆಯಿತು. ಬಂಧನಗಳಾದವು, ಹೆದರಿದ ಗಂಡಸರು ಊರು ಬಿಟ್ಟರು.

ಮತಯಂತ್ರ ಒಡೆದದ್ದು ತಪ್ಪು. ಮತ ಹಾಕಿದ್ದಕ್ಕೆ ಮೆಂದಾರೆಯ ಸೋಲಿಗರ ಮೇಲೆ ಸಿಟ್ಟು ತಿರುಗಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಷ್ಟನ್ನು ಹೇಳಿ ಮುಗಿಸಿಬಿಟ್ಟರೆ ಮಾತ್ರ ಆ ಊರಿಗೆ ನ್ಯಾಯ ಮಾಡಿದಂತಾಗುವುದಿಲ್ಲ. ಐದು ವರ್ಷಕ್ಕೊಮ್ಮೆ ಮತಯಂತ್ರವನ್ನು ಕಾಡು ದಾಟಿಸಿ ತರಬಲ್ಲ ಸರ್ಕಾರಕ್ಕೆ ವರ್ಷವಿಡೀ ದಾದಿಯೊಬ್ಬರನ್ನು ಅದೇ ದಾರಿಯಲ್ಲಿ ಕಳಿಸಲು ಏಕೆ ಆಗುವುದಿಲ್ಲ ಎಂಬುದಕ್ಕೂ ಉತ್ತರ ಬೇಕು.

ಕಾನೂನಿನ ಬಾಗಿಲು

ಈ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 900 ಚದರ ಕಿಲೋಮೀಟರ್ ಹರವಿನ ಈ ಧಾಮ ಹುಲಿ, ಆನೆಗಳ ನೆಲೆ. ಒಂದು ಬದಿಗೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಬದಿಗೆ ತಮಿಳುನಾಡಿನ ಕಾಡು. ಇದನ್ನು ಕಾಯಲೇಬೇಕು. 2025ರ ಜೂನ್‌ನಲ್ಲಿ ಇದೇ ಧಾಮದ ಹೂಗ್ಯಂ ವಲಯದಲ್ಲಿ ವಿಷವಿಕ್ಕಿದ ಹಸುವಿನ ಮಾಂಸ ತಿಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತಾಗ ನಾಡೇ ಮರುಗಿತು. ಹುಲಿ ದಾಳಿಯಲ್ಲಿ ದನ ಕಳೆದುಕೊಂಡವರಿಗೆ ಪರಿಹಾರ ಬೇಗ ಸಿಗುವ ಕಡೆ, ಇಲಾಖೆಯೊಂದಿಗೆ ಜನರ ಸಂಬಂಧ ಸರಿಯಿರುವ ಕಡೆ ಹುಲಿಗೂ ನೆಮ್ಮದಿ.

ಕಾಡೊಳಗೆ ಸೌಕರ್ಯ ಕೊಡಲು ಕಾನೂನು ಅಡ್ಡಿ ಎಂಬ ಮಾತು ಅರ್ಧ ಸತ್ಯ. 2006ರ ಅರಣ್ಯ ಹಕ್ಕು ಕಾಯ್ದೆ ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಸೇರಿ 13 ಬಗೆಯ ಸೌಕರ್ಯಗಳಿಗೆ ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ವನ್ಯಜೀವಿಧಾಮವಾದ್ದರಿಂದ ಇಲ್ಲಿ ಅನುಮತಿಯ ಹಾದಿ ಉದ್ದ, ನಿಜ. ಬೇಡಗಂಪಣರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಹಾಗಾಗಿ ಈ ಕಾಯ್ದೆಯಡಿ ಹಕ್ಕು ಪಡೆಯಲು ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಬದುಕಿದ್ದಕ್ಕೆ ಪುರಾವೆ ತೋರಿಸಬೇಕು. ಮಾದಪ್ಪನ ಪೂಜೆಯ ಸರದಿಗಿಂತ ದೊಡ್ಡ ಪುರಾವೆ ಯಾವುದಿದೆ?

ಕಾಡು ಬಿಟ್ಟು ಹೊರಗೆ ಹೋಗಲು ಸಿದ್ಧರಿರುವ ಕುಟುಂಬಗಳೂ ಇವೆ, ಸತ್ತರೂ ಇಲ್ಲೇ ಎನ್ನುವವರೂ ಇದ್ದಾರೆ. ಹೋಗುವವರಿಗೆ ಭೂಮಿ, ಮನೆ, ನೀರು ಮೊದಲು ಸಿದ್ಧವಾಗಲಿ. ಆಮೇಲೆ ಅವರು ಹೊರಡಲಿ. ಇರುವವರಿಗೆ ಇರುವ ಹಕ್ಕು ಬರಹದಲ್ಲಿ ಸಿಗಲಿ. ಹೇಗೂ ಸ್ಥಳಾಂತರವಾಗುವ ಊರೆಂದು ಸೌಕರ್ಯ ತಡೆಹಿಡಿದು, ಬದುಕು ಅಸಾಧ್ಯವಾಗಿಸಿ ಪಡೆಯುವ ಒಪ್ಪಿಗೆ ಒಪ್ಪಿಗೆಯಲ್ಲ.

ರಸ್ತೆ ತೀರ್ಮಾನವಾಗುವ ತನಕ ಕಾಯದೆ ಮಾಡಬಹುದಾದ ಕೆಲಸಗಳೇ ಸಾಕಷ್ಟಿವೆ. ಊರಿಗೊಬ್ಬ ಆರೋಗ್ಯ ಕಾರ್ಯಕರ್ತೆ, ವಾರಕ್ಕೊಮ್ಮೆ ಬರುವ ವೈದ್ಯರು, ಬೇಸಿಗೆಯಲ್ಲೂ ಬತ್ತದ ನೀರಿನ ತೊಟ್ಟಿ, ಬೆಟ್ಟದಲ್ಲಿ ಹೆಣ್ಣುಮಕ್ಕಳಿಗೊಂದು ಒಳ್ಳೆಯ ಹಾಸ್ಟೆಲ್, ತಪ್ಪದೆ ಓಡುವ ಜೀಪು. ಇವಕ್ಕೆ ದೊಡ್ಡ ಯೋಜನೆ ಬೇಡ, ದೊಡ್ಡ ಹಣವೂ ಬೇಡ. ಕೋಟಿಗಟ್ಟಲೆ ಕಾಣಿಕೆ ಬೀಳುವ ಬೆಟ್ಟದ ಅಭಿವೃದ್ಧಿಯ ಲೆಕ್ಕದಲ್ಲಿ ಅದೇ ಬೆಟ್ಟದ ಒಕ್ಕಲುಗಳ ಈ ಊರುಗಳನ್ನೂ ಸೇರಿಸಿದರೆ, ಕೆಲಸ ಮುಂದಿನ ಮಳೆಗಾಲದೊಳಗೆ ಶುರುವಾಗಬಹುದು.