ರಾಜೀನಾಮೆ ಬರೆಯದೆ ಕಾಡಿಗೆ

ಗಾರ್ಸಿಯಾ ದ ಓರ್ತಾ 1534ರಲ್ಲಿ ಹಡಗಿಳಿದು ಗೋವಾಕ್ಕೆ ಕಾಲಿಟ್ಟಾಗ ವಯಸ್ಸು ಮೂವತ್ತು ದಾಟಿತ್ತು. ಲಿಸ್ಬನ್‌ನಲ್ಲಿ ಪಾಠ ಹೇಳಿಕೊಂಡಿದ್ದ ವೈದ್ಯ. ಇಲ್ಲಿ ಅವನಿಗೆ ಸಿಕ್ಕಿದ್ದು ದೊಡ್ಡವರ ನಾಡಿ ಹಿಡಿಯುವ ಕೆಲಸ: ಪೋರ್ಚುಗೀಸ್ ಅಧಿಕಾರಿಗಳು, ಅಹಮದ್‌ನಗರದ ನಿಜಾಮಶಾಹಿ ಸುಲ್ತಾನ. ಪಕ್ಕದಲ್ಲಿ ಒಂದಿಷ್ಟು ವ್ಯಾಪಾರ. ಈ ಗದ್ದಲದ ನಡುವೆಯೇ ಅವನು ಸುಮಾರು ಮೂವತ್ತು ವರ್ಷ ಶುಂಠಿ, ಇಂಗು, ಮಾವು, ಹಲಸು, ವೀಳ್ಯದೆಲೆಗಳ ಹಿಂದೆ ಬಿದ್ದ. ಎಲ್ಲಿ ಬೆಳೆಯುತ್ತದೆ, ಯಾರು ಮಾರುತ್ತಾರೆ, ಯಾವ ಕಾಯಿಲೆಗೆ ಕೊಡುತ್ತಾರೆ ಎಂದು ವೈದ್ಯರು, ಹಕೀಮರು, ವ್ಯಾಪಾರಿಗಳು, ಕಂಡಕಂಡವರನ್ನೆಲ್ಲ ಕೇಳಿ ತಿಳಿದುಕೊಂಡ. 1563ರಲ್ಲಿ, ಅರುವತ್ತರ ಆಸುಪಾಸಿನಲ್ಲಿ, ಗೋವಾದಲ್ಲೇ ಅವನ ಪುಸ್ತಕ ಅಚ್ಚಾಯಿತು. ಭಾರತದ ಗಿಡಮೂಲಿಕೆಗಳ ಬಗ್ಗೆ ಇಬ್ಬರು ವೈದ್ಯರು ಕೂತು ಮಾತಾಡಿಕೊಂಡಂತೆ ಬರೆದ 59 ಸಂಭಾಷಣೆಗಳು. ನಾಲ್ಕೇ ವರ್ಷಗಳಲ್ಲಿ ಅದರ ಲ್ಯಾಟಿನ್ ಸಂಗ್ರಹ ಯುರೋಪಿನ ಪಂಡಿತರ ಕೈ ಸೇರಿತು.

ಗಮನಿಸಬೇಕಾದದ್ದು, ಇದು ವೃತ್ತಿ ಬಿಟ್ಟು ಗಿಡಗಳ ಹಿಂದೆ ಹೋದವನ ಪುಸ್ತಕವಲ್ಲ. ಕಾಲರಾ ರೋಗವನ್ನು ಅವನು ಅಷ್ಟು ನಿಖರವಾಗಿ ವರ್ಣಿಸಿದ್ದು ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕೂತಿದ್ದರಿಂದ. ಔಷಧಿ ಸರಕಿನ ವ್ಯಾಪಾರಿಗಳು ಅವನ ಮುಂದೆ ಬಾಯಿ ಬಿಟ್ಟದ್ದೂ ಅವನು ಕೊಳ್ಳುವ ವೈದ್ಯನಾಗಿದ್ದರಿಂದ. ವೈದ್ಯಕೀಯವನ್ನು ಕಳಚಿಟ್ಟು ಬರೀ ‘ನಿಸರ್ಗಪ್ರೇಮಿ’ಯಾಗಿ ಹೊರಟಿದ್ದರೆ ಮಾವಿನಹಣ್ಣಿನ ರುಚಿಯ ಬಗ್ಗೆ ಎರಡು ಒಳ್ಳೆಯ ಮಾತು ಬರೆದು ಮುಗಿಸುತ್ತಿದ್ದನೇನೋ. (ಯಹೂದಿ ಮೂಲದವನೆಂಬ ಕಾರಣಕ್ಕೆ ಚರ್ಚಿನ ಧರ್ಮವಿಚಾರಣಾ ಮಂಡಳಿ ಇನ್‌ಕ್ವಿಸಿಷನ್ ಅವನನ್ನು ಸತ್ತ ಮೇಲೂ ಬಿಡಲಿಲ್ಲ, 1580ರಲ್ಲಿ ಸಮಾಧಿ ಅಗೆದು ಅವಶೇಷಗಳನ್ನು ಸುಟ್ಟರು. ಮುಂದೊಂದು ಕಾಲಕ್ಕೆ ಪಣಜಿಯ ಚರ್ಚಿನ ಎದುರಿನ ಉದ್ಯಾನಕ್ಕೆ ಅವನದೇ ಹೆಸರಿಟ್ಟರು.)

ಈ ಹಳೆಯ ವೈದ್ಯನನ್ನು ಎಳೆದು ತರಲು ಕಾರಣವಿದೆ. ನಲವತ್ತರ ಗಡಿ ದಾಟಿದ ನಮ್ಮವರಲ್ಲಿ ಒಂದು ಕನಸು ಸಾಂಕ್ರಾಮಿಕದಂತೆ ಹರಡಿದೆ. ಮಳೆಗಾಲದ ಒಂದು ವಾರಾಂತ್ಯ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟಿ ಇಳಿದರೆ ಸಾಕು, ಸೋಮವಾರ ರಾಜೀನಾಮೆ ಪತ್ರದ ಕರಡು ಸಿದ್ಧ. ಕೆಲಸ ಬಿಡುವುದು, ಗೋವಾದ ಸತ್ತರಿ ತಾಲ್ಲೂಕಿನಲ್ಲೆಲ್ಲೋ ಅರ್ಧ ಎಕರೆ ಕೊಳ್ಳುವುದು, ವನ್ಯಜೀವಿ ವಿಜ್ಞಾನದಲ್ಲಿ ಎಂಎಸ್ಸಿ ಮಾಡುವುದು. ಮನೆ ಸಾಲದ ಕಂತು, ಮಗಳ ಪಿಯುಸಿ, ಅಪ್ಪನ ಬಿಪಿ ಮಾತ್ರೆ ಇವೆಲ್ಲ ಆ ಕರಡಿನಲ್ಲಿ ಇರುವುದಿಲ್ಲ. ಇದ್ದರೂ ಅಡೆತಡೆಗಳ ಪಟ್ಟಿಯಲ್ಲಿರುತ್ತವೆ.

ಹಾಗೆ ಹೊರಟು ಗೆದ್ದವರಿಲ್ಲವೇ? ಇದ್ದಾರೆ. ಗೋವಾದ ರಿಬಂದರ್ ಎದುರಿಗೆ, ಮಾಂಡೋವಿ ನದಿಯ ನಡುವೆ, ಊರವರು ಚೋಡಣ ಎನ್ನುವ ದ್ವೀಪದ ಪಶ್ಚಿಮ ತುದಿಯಲ್ಲಿ ಅಂಥವರೊಬ್ಬರ ಹೆಸರೇ ಇದೆ: ಸಲೀಂ ಅಲಿ ಪಕ್ಷಿಧಾಮ. ಎರಡು ಚದರ ಕಿಲೋಮೀಟರೂ ಇಲ್ಲದ ಕಾಂಡ್ಲಾ ಕಾಡು. ಕೆಸರಿನ ಮೇಲೆ ನೆಗೆದಾಡುವ ಮೀನುಗಳು, ಅದೃಷ್ಟವಿದ್ದರೆ ಬಿಳಿ ಕೊರಳುಪಟ್ಟಿಯ ಮಿಂಚುಳ್ಳಿ. ಅಂದಹಾಗೆ ಮಾಂಡೋವಿಯೆಂದರೆ ಬೇರೆ ಯಾವುದೂ ಅಲ್ಲ, ಖಾನಾಪುರದ ಕಾಡಿನಲ್ಲಿ ಹುಟ್ಟಿ ಇಳಿದು ಬಂದ ನಮ್ಮ ಮಹದಾಯಿಯೇ.

ಸಲೀಂ ಅಲಿಯವರ ಕಥೆಯನ್ನು ಕೆಲಸ ಬಿಡಲು ಹೊರಟವರು ಇಷ್ಟಪಟ್ಟು ಹೇಳುತ್ತಾರೆ, ಅರ್ಧ ಮಾತ್ರ. ಪೂರ್ತಿ ಕಥೆ ಹೀಗಿದೆ. ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಅವರಿಗೆ ಗೈಡ್ ಲೆಕ್ಚರರ್ ಹುದ್ದೆ ಇತ್ತು. ಅದರಿಂದ ರಜೆ ಪಡೆದು 1928ರ ಹೊತ್ತಿಗೆ ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರಜ್ಞ ಎರ್ವಿನ್ ಸ್ಟ್ರೆಸೆಮಾನ್ ಬಳಿ ಕಲಿತರು. ಆಗ ವಯಸ್ಸು ಮೂವತ್ತೆರಡು. ಮರಳಿ ಬಂದಾಗ ದುಡ್ಡಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಿದ್ದರು. ಅಂದರೆ ಅವರು ಕೆಲಸ ಬಿಟ್ಟವರಲ್ಲ, ಕೆಲಸವೇ ಅವರನ್ನು ಬಿಟ್ಟಿತು. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರ್ಕಾರಿ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಬಾಗಿಲೂ ಮುಚ್ಚಿತ್ತು. ಹೆಂಡತಿ ತೆಹಮಿನಾ ಕಡೆಯವರ ಮನೆ ಕಿಹಿಮ್ ಎಂಬ ಕಡಲತೀರದ ಹಳ್ಳಿಯಲ್ಲಿತ್ತು, ಬಾಡಿಗೆಯ ಚಿಂತೆಯಿಲ್ಲ. ಗೀಜಗಗಳು ಗೂಡು ನೇಯುವುದನ್ನು, ಗಂಡು ಗೀಜಗ ಒಂದಾದ ಮೇಲೊಂದು ಸಂಸಾರ ಹೂಡುವುದನ್ನು ಅಲ್ಲೇ ಕೂತು ನೋಡಿದರು. ಆಮೇಲೆ ಸಂಸ್ಥಾನಗಳಿಗೆ ಪತ್ರ ಬರೆದರು: ಸಂಬಳ ಬೇಡ, ಖರ್ಚು ಕೊಟ್ಟರೆ ನಿಮ್ಮ ರಾಜ್ಯದ ಹಕ್ಕಿಗಳನ್ನು ಪಟ್ಟಿ ಮಾಡಿಕೊಡುತ್ತೇನೆ. ಹೈದರಾಬಾದ್, ತಿರುವಾಂಕೂರು, ಮುಂದೆ ನಮ್ಮ ಮೈಸೂರು. ಮೈಸೂರಿನ ಸಮೀಕ್ಷೆ ಶುರುವಾಗುವ ಕಾಲಕ್ಕೆ, 1939ರಲ್ಲಿ, ತೆಹಮಿನಾ ತೀರಿಕೊಂಡಿದ್ದರು. ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂದಾಗ, 1941ರಲ್ಲಿ, ಅವರಿಗೆ ನಲವತ್ತೈದರ ಆಸುಪಾಸು.

ಸಲೀಂ ಅಲಿಯವರ ಜಿಗುಟುತನಕ್ಕೆ ಕೈಮುಗಿಯೋಣ. ಆದರೆ ಕಿಹಿಮ್ ಮನೆಯನ್ನೂ, ‘ಸಂಬಳ ಬೇಡ’ ಎನ್ನಲು ಬೇಕಾದ ಅನುಕೂಲವನ್ನೂ ಲೆಕ್ಕಕ್ಕೆ ಹಿಡಿಯದೆ ಆ ದಾರಿಯನ್ನು ಎಲ್ಲರಿಗೂ ಶಿಫಾರಸು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಓದಿನ ವಿಷಯ. ಇಲ್ಲಿ ಸುದ್ದಿ ಅಷ್ಟೇನೂ ಕೆಟ್ಟದ್ದಲ್ಲ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ವಯೋಮಿತಿ ಇದೆ, ಮೂವತ್ತರ ಆಸುಪಾಸು. ಮಹಿಳೆಯರಿಗೂ ಮೀಸಲು ವರ್ಗದವರಿಗೂ ಸಡಿಲಿಕೆ ಉಂಟು. ಹಾಗಾಗಿ ನಲವತ್ತೈದರಲ್ಲಿ ಪಿಎಚ್‌ಡಿಗೆ ಹೊರಟವರು ಆ ಹಣವನ್ನು ನಂಬಿಕೊಂಡು ಕೂರುವಂತಿಲ್ಲ. ಆದರೆ 2022ರ ಯುಜಿಸಿ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿದೆ. ಕೆಲಸದಲ್ಲಿರುವವರು ತಮ್ಮ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಓದಿಗೆ ಸಮಯ ಕೊಡುತ್ತೇವೆಂದು ಸಂಸ್ಥೆ ಒಪ್ಪಿರಬೇಕು. ಅಷ್ಟು ದೂರ ಹೋಗುವ ಮನಸ್ಸಿಲ್ಲದವರಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪಕ್ಷಿಶಾಸ್ತ್ರದ ಕೋರ್ಸುಗಳಿವೆ, ಇಗ್ನೋದ ಪರಿಸರ ಡಿಪ್ಲೊಮಾಗಳಿವೆ, ಗೋವಾದಲ್ಲಿ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಪ್ರತಿ ಫೆಬ್ರುವರಿಯಲ್ಲಿ ಹಿತ್ತಲಿನ ಹಕ್ಕಿ ಎಣಿಸಿ ಇ-ಬರ್ಡ್ ಜಾಲತಾಣಕ್ಕೆ ಸೇರಿಸಲು ಪದವಿಯೂ ಬೇಡ, ಫೀಸೂ ಇಲ್ಲ.

ಆದರೆ ಮಧ್ಯವಯಸ್ಸಿನ ವೃತ್ತಿಯ ಚಿಂತೆ ಎಂದರೆ ಆಫೀಸಿನವರ ಬೇಸರ ಒಂದೇ ಎಂದುಕೊಂಡರೆ ಗೋವಾವನ್ನು ಅರ್ಧವೇ ನೋಡಿದಂತೆ. 2012ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಳು ನಿಂತವು. ಮಧ್ಯೆ ಶುರುವಾದದ್ದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿದಾಗ ಮತ್ತೆ ನಿಂತಿತು. ಗಣಿಯ ಕೆಂಪು ನೀರು ನುಗ್ಗಿ ಹಾಳಾದ ಗದ್ದೆಗಳನ್ನು ಕಂಡವರಿಗೆ ಆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಸಾಲ ಮಾಡಿ ಟಿಪ್ಪರ್ ಕೊಂಡವನು, ಬಾರ್ಜಿನಲ್ಲಿ ದುಡಿಯುತ್ತಿದ್ದವನು, ಅವರಿಗೆ ಊಟ ಹಾಕುತ್ತಿದ್ದ ಖಾನಾವಳಿಯಾಕೆ ನಡುವಯಸ್ಸಿನಲ್ಲಿ ಹೊಸ ಕಸುಬು ಹುಡುಕಬೇಕಾಯಿತು. ಅವರಿಗೆ ನಿಸರ್ಗಪ್ರೇಮ ಆಯ್ಕೆಯಾಗಿ ಬರಲಿಲ್ಲ, ಬಿಲ್ಲಾಗಿ ಬಂತು.

ವೃತ್ತಿಯನ್ನೂ ಕಾಡನ್ನೂ ಎದುರಾಳಿಗಳೆಂದು ಭಾವಿಸುವ ನಮ್ಮ ಅಭ್ಯಾಸವನ್ನು ಕೆಡಿಸಿದ್ದು, ನನ್ನ ಮಟ್ಟಿಗೆ, ಮೊಲ್ಲೆಮ್. ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ರೈಲಿನಲ್ಲಿ ಇಳಿದವರಿಗೆಲ್ಲ ಗೊತ್ತಿರುವ ಕಾಡು ಅದು. ದೂಧಸಾಗರ ಇರುವುದೂ ಅಲ್ಲೇ. 240 ಚದರ ಕಿಲೋಮೀಟರ್ ಭಗವಾನ್ ಮಹಾವೀರ ಅಭಯಾರಣ್ಯ, ಅದರೊಳಗೆ 107 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನ. 2020ರಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಈ ಕಾಡನ್ನು ಸೀಳುವ ಮೂರು ಯೋಜನೆಗಳ ಸುದ್ದಿ ಹೊರಬಿತ್ತು: ಹೆದ್ದಾರಿ ಅಗಲೀಕರಣ, ವಿದ್ಯುತ್ ಮಾರ್ಗ, ಜೋಡಿ ರೈಲು ಹಳಿ. ಈ ರೈಲು ಮಾರ್ಗದಲ್ಲಿ ಮುರಗಾಂವ್ ಬಂದರಿನಿಂದ ಹೊರಡುವ ಕಲ್ಲಿದ್ದಲಿನ ಬಹುಪಾಲು ಹೋಗುವುದು ನಮ್ಮ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗೆ ಎಂಬುದನ್ನು ಘಟ್ಟದ ಮೇಲಿನವರಾದ ನಾವು ಅಷ್ಟಾಗಿ ಮಾತಾಡುವುದಿಲ್ಲ.

‘ಆಮ್ಚೆಂ ಮೊಲ್ಲೆಂ’ (ನಮ್ಮ ಮೊಲ್ಲೆಮ್) ಎಂದು ಎದ್ದು ನಿಂತವರಲ್ಲಿ ಜೀವವಿಜ್ಞಾನಿಗಳಿದ್ದರು, ವಿದ್ಯಾರ್ಥಿಗಳಿದ್ದರು, ಸರಿ. ಜೊತೆಗೆ ವಕೀಲರು, ವಾಸ್ತುಶಿಲ್ಪಿಗಳು, ಶಿಕ್ಷಕರು, ಚಿತ್ರಕಲಾವಿದರೂ ಇದ್ದರು. ಒಬ್ಬರು ಕಡತ ಓದಿದರು, ಇನ್ನೊಬ್ಬರು ನಕ್ಷೆ ಬರೆದರು, ಮತ್ತೊಬ್ಬರು ಮಂಗಟ್ಟೆಯ ಚಿತ್ರ ಬಿಡಿಸಿ ಭಿತ್ತಿಪತ್ರ ಮಾಡಿದರು. ಆ ನವೆಂಬರಿನ ಒಂದು ನಡುರಾತ್ರಿ ಚಾಂದೋರಿನ ರೈಲು ಹಳಿಯ ಬಳಿ ಸಾವಿರಾರು ಜನ ನೆರೆದರು. ಅದು ಸುದ್ದಿಯಾಯಿತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ವರ್ಷ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಕೊಟ್ಟ ವರದಿ. ಕಾಡಿನ ಸೂಕ್ಷ್ಮತೆಯನ್ನು ಹೇಳಿದ ಸಮಿತಿ ಅಷ್ಟಕ್ಕೇ ನಿಲ್ಲಲಿಲ್ಲ. ರೈಲ್ವೆ ಜಾಲದಲ್ಲೇ ತೀರಾ ಅದಕ್ಷವಾದ ಈ ತುಂಡಿನ ಸಾಮರ್ಥ್ಯ ಜೋಡಿ ಹಳಿಯಿಂದ ಹೆಚ್ಚುವುದು ಅತ್ಯಲ್ಪ, ಅದಕ್ಕಾಗಿ ಕಾಡು ಕಳೆದುಕೊಳ್ಳಲು ಸಮರ್ಥನೆಯಿಲ್ಲ ಎಂದಿತು. ಮೂವತ್ತೇಳು ಅಡಿಗೆ ಒಂದಡಿ ಏರುವ ಘಾಟಿಯದು. ಹಿಂದೆ ಮುಂದೆ ಹೆಚ್ಚುವರಿ ಎಂಜಿನ್ ಕಟ್ಟದೆ ಗೂಡ್ಸ್ ಗಾಡಿ ಮೇಲೇರುವುದಿಲ್ಲ. ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಹಕ್ಕಿಯ ಹೆಸರಿನಷ್ಟೇ ತೂಕ ಅಲ್ಲಿ ಇಳಿಜಾರಿನ ಲೆಕ್ಕಕ್ಕೂ ಇತ್ತು. ಅಂಥ ಲೆಕ್ಕ ಹಾಕಬಲ್ಲವರು, ಟೆಂಡರ್ ಕಡತ ಬಿಡಿಸಿ ಓದಬಲ್ಲವರು, ನಿವೃತ್ತಿಗೆ ಇನ್ನೂ ಹದಿನೈದು ವರ್ಷ ಇರುವವರು, ಬೇರೆ ಕಡೆ ಬೇಡ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲೇ ಎಷ್ಟು ಮಂದಿ ಬೇಕು!