ಬಿಗಿಗೂ ಒಂದು ಲೆಕ್ಕವಿದೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ವರ್ಷವರ್ಷ ಜುಲೈ ಕೊನೆಗೆ ವಿಮಾನಗಳ ದೊಡ್ಡ ಜಾತ್ರೆ. ಅಲ್ಲಿ ಬಂದಿಳಿಯುವವುಗಳಲ್ಲಿ ಮನೆಯ ಗ್ಯಾರೇಜಿನಲ್ಲೇ ಕಟ್ಟಿದ ವಿಮಾನಗಳೂ ಸಾಲುಗಟ್ಟಿರುತ್ತವೆ. 1953ರಲ್ಲಿ ಪಾಲ್ ಪೊಬೆರೆಜ್ನಿ ಹುಟ್ಟುಹಾಕಿದ ಹವ್ಯಾಸಿಗಳ ಸಂಘ ನಡೆಸುವ ಮೇಳ ಇದು. ನೋಡಲು ಬಂದವರ ಕಣ್ಣು ಬಣ್ಣ, ರೆಕ್ಕೆ, ಎಂಜಿನ್‌ಗಳ ಮೇಲೆ. ಕಟ್ಟಿದವರ ಕೈಗುಣ ಗೊತ್ತಾಗುವುದು ಮಾತ್ರ ಮುಚ್ಚಳದೊಳಗೆ ಇಂಧನ, ಬ್ರೇಕ್ ಎಣ್ಣೆ ಹರಿಯುವ ಪೈಪುಗಳಲ್ಲಿ.

ಈ ಪೈಪುಗಳ ಜೋಡಣೆಯಲ್ಲಿ ಎರಡು ಜಾತಿ. ಮೊದಲನೆಯದು ಫ್ಲೇರ್. ಮೆತ್ತನೆಯ ಅಲ್ಯೂಮಿನಿಯಂ ಕೊಳವೆಯನ್ನು ಕತ್ತರಿಸಿ, ಅಂಚಿನ ಮುಳ್ಳು ಕೆರೆದು, ನಟ್ಟು ಮತ್ತು ಸ್ಲೀವನ್ನು ಮೊದಲೇ ಏರಿಸಿಕೊಂಡು (ಮರೆತರೆ ಮಾಡಿದ್ದೆಲ್ಲ ಮತ್ತೆ ಮೊದಲಿಂದ), ಬಾಯಿಯನ್ನು ಕಹಳೆಯಂತೆ ಅರಳಿಸುವುದು. ಅರಳುವ ಕೋನ 37 ಡಿಗ್ರಿ. ಕಾರಿನ ಅಂಗಡಿಯಲ್ಲಿ ಸಿಗುವ ಉಪಕರಣ 45 ಡಿಗ್ರಿಯದು. ಅದರಲ್ಲಿ ಅರಳಿಸಿದ್ದೂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಫಿಟಿಂಗಿನ ಮೇಲೆ ಪೂರ್ತಿ ಕೂರುವುದಿಲ್ಲ. ಇಲ್ಲಿ ಸೋರಿಕೆ ತಡೆಯುವುದು ಲೋಹಕ್ಕೆ ಲೋಹ ತಾಗಿ ಕೂರುವ ಆ ಇಳಿಜಾರು ಮುಖ. ಥ್ರೆಡ್ಡಿನ ಕೆಲಸ ಅದನ್ನು ಒತ್ತಿ ಹಿಡಿಯುವುದಷ್ಟೆ. ಅದಕ್ಕೇ ಆ ಮುಖಕ್ಕೆ ಯಾವ ಸೀಲೆಂಟೂ ಬಳಿಯುವಂತಿಲ್ಲ.

ಎರಡನೆಯದು ಪೈಪ್ ಥ್ರೆಡ್. 16 ಇಂಚಿಗೆ 1 ಇಂಚು ಸಣ್ಣದಾಗುತ್ತ ಹೋಗುವ ಈ ಥ್ರೆಡ್ಡೇ ಬಿಗಿಯುತ್ತ ಸೋರಿಕೆ ತಡೆಯಬೇಕು. ಉಳಿದ ಸಂದಿಗೆ ಪೇಸ್ಟ್ ಸೀಲೆಂಟ್ ಬೇಕೇಬೇಕು. ನಮ್ಮ ಪ್ಲಂಬರ್ ನಲ್ಲಿಗೆ ಸುತ್ತುವ ಬಿಳಿ ಟೇಪು ಇಲ್ಲಿ ಬೇಡ. ಅದರ ಒಂದು ಎಳೆ ಹರಿದು ಒಳಗೆ ಸೇರಿ ಇಂಧನದ ದಾರಿ ಕಟ್ಟಿದರೆ ಎಂಜಿನ್ ಆಕಾಶದಲ್ಲೇ ನಿಲ್ಲಬಹುದು. ಪೇಸ್ಟನ್ನೂ ತುದಿಯ ಒಂದೆರಡು ಥ್ರೆಡ್ ಬಿಟ್ಟೇ ಹಚ್ಚುತ್ತಾರೆ. ಎಲ್ಬೋ ಬೇಕಾದ ದಿಕ್ಕು ದಾಟಿ ಹೋಯಿತೆಂದು ಹಿಂದಕ್ಕೆ ತಿರುಗಿಸುವಂತಿಲ್ಲ; ಪೂರ್ತಿ ಬಿಚ್ಚಿ, ಹೊಸ ಪೇಸ್ಟ್ ಹಚ್ಚಿ ಕೂರಿಸಬೇಕು.

ಇನ್ನು ಬಿಗಿ. ಅಮೆರಿಕದ ವಿಮಾನಯಾನ ಇಲಾಖೆಯ ಕೈಪಿಡಿ 3/8 ಇಂಚಿನ ಅಲ್ಯೂಮಿನಿಯಂ ಪೈಪಿನ ನಟ್ಟಿಗೆ ಹೇಳುವುದು 75ರಿಂದ 125 ಇಂಚ್-ಪೌಂಡ್. ಉದ್ದ ಹಿಡಿಯ ಸ್ಪ್ಯಾನರ್‌ಗೆ ಇದು ಏನೇನೂ ಅಲ್ಲ. ಸೋರಿತೆಂದು ಇನ್ನೊಂದು ಸುತ್ತು ಎಳೆದರೆ ಫ್ಲೇರ್ ತೆಳುವಾಗಿ, ಆಮೇಲೊಂದು ದಿನ ಬಿರುಕು ಬಿಡುತ್ತದೆ. ಬಿಚ್ಚಿ ನೋಡುವುದೇ ಸರಿಯಾದ ದಾರಿ. ಒಳಗೆ ಗೀರೋ ಕಸವೋ ಸಿಗುವುದೇ ಹೆಚ್ಚು.

ಇಂಥ ಪುಟ್ಟ ವಿಮಾನಗಳಲ್ಲಿ ಹೈಡ್ರಾಲಿಕ್ಸ್ ಅಂದರೆ ಬಹುತೇಕ ಚಕ್ರದ ಬ್ರೇಕ್ ಅಷ್ಟೇ. ಅದಕ್ಕೆ ಕೆಂಪು ಖನಿಜ ಎಣ್ಣೆ. ಕಾರಿನ ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ರಿಂಗು ಊದಿಕೊಳ್ಳುತ್ತದೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಮೊದಲ ಹಾರಾಟಗಳ ನಂತರ ಮುಚ್ಚಳ ತೆಗೆದು ಹುಡುಕುವುದು ಈ ನೀಲಿ, ಕೆಂಪು ಕಲೆಗಳನ್ನೇ. ವರ್ಷಕ್ಕೊಮ್ಮೆ ಮತ್ತೆ ಪೂರ್ಣ ತಪಾಸಣೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಪಡೆದಿದ್ದರೆ, ವಿಮಾನ ಸರಿಯಿದೆಯೆಂದು ಸಹಿ ಹಾಕುವ ಅಧಿಕಾರವೂ ಕಟ್ಟಿದವರದೇ.