ಸಂಗೀತ ಕಾರ್ಯಕ್ರಮಗಳ ಚಿತ್ರೀಕರಣದಲ್ಲಿ ಆ್ಯಕ್ಷನ್ ಕ್ಯಾಮೆರಾ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ಭಾಗದಲ್ಲಿ ಸಂಗೀತಕ್ಕೆ ಕೊರತೆಯಿಲ್ಲ. ಸಂಕ್ರಾಂತಿಯ ವೇಳೆಗೆ ಚುಂಚನಕಟ್ಟೆಯ ಜಾತ್ರೆ, ಊರೂರುಗಳ ಕಂಸಾಳೆ ಮತ್ತು ತಮಟೆ ಮೇಳಗಳು, ಬೈಲಕುಪ್ಪೆಯ ಟಿಬೆಟನ್ ಮಠಗಳ ವಾದ್ಯ ಹಾಗೂ ನೃತ್ಯ, ಕೋಟೆಯ ಹಾಡಿಗಳಲ್ಲಿ ಜೇನುಕುರುಬರ ಪದಗಳು, ಹೀಗೆ ಪಟ್ಟಿ ದೊಡ್ಡದು. ಆದರೆ ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ, ತಾನೇ ಮಾಡಿಕೊಳ್ಳಲಾಗದ ಕೆಲಸಕ್ಕೆ ಮಾತ್ರ ಗಿರಾಕಿಯು ಹಣ ತೆರುತ್ತಾನೆ. ಸ್ಟುಡಿಯೋ ಮಾಲೀಕರು ಇದನ್ನು ಗಮನಿಸುವುದು ಅಗತ್ಯ.

ಅಮೆರಿಕದ ನಿಕ್ ವುಡ್‌ಮನ್ 2002ರಲ್ಲಿ ಆರಂಭಿಸಿದ ಗೋಪ್ರೊ ಸಂಸ್ಥೆಯ ಮೊದಲ ಕ್ಯಾಮೆರಾ 2004ರಲ್ಲಿ ಹೊರಬಂದಿತು. ಅದು 35 ಮಿ.ಮೀ. ಫಿಲ್ಮ್ ಬಳಸುತ್ತಿತ್ತು. ಕಡಲ ಅಲೆಗಳ ಮೇಲೆ ಸವಾರಿ ಮಾಡುವವರಿಗಾಗಿ ಹುಟ್ಟಿದ ಈ ಸಾಧನದ ಗುಣದೋಷಗಳೆರಡೂ ಆ ಮೂಲದಿಂದಲೇ ಬಂದಿವೆ.

ಇದರ ಮಸೂರ ವಿಶಾಲ ಕೋನದ್ದು. ಆದುದರಿಂದ ದೂರದಿಂದ ಕಲಾವಿದರು ಇರುವೆಗಳಂತೆ ಕಾಣುವರು. ಒಂದೆರಡು ಮೀಟರ್ ಅಂತರದಲ್ಲಿ, ಅಂದರೆ ತಮಟೆಯ ಪಕ್ಕದಲ್ಲಿ ಅಥವಾ ಹಾರ್ಮೋನಿಯಂ ಮುಂದೆ ಇಟ್ಟರೆ ಮಾತ್ರ ಸಾರ್ಥಕ. ದೊಡ್ಡ ಕ್ಯಾಮೆರಾ ನಿಲ್ಲಲಾಗದ ಜಾಗವೇ ಇದರ ಜಾಗ. ಸಂವೇದಕ ಚಿಕ್ಕದಾದ್ದರಿಂದ ಕತ್ತಲಲ್ಲಿ ಚಿತ್ರ ಕಾಳುಕಾಳಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾಗಿರುವುದರಿಂದ ಸೆಕೆಂಡಿಗೆ 25 ಅಥವಾ 50 ಚೌಕಟ್ಟು ಇಟ್ಟು, ಶಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ದೀಪಗಳ ಮಿನುಗು ಬಹುಮಟ್ಟಿಗೆ ತಪ್ಪುತ್ತದೆ.

ಧ್ವನಿಯೇ ನಿಜವಾದ ಪರೀಕ್ಷೆ. ತಮಟೆಯ ಪೆಟ್ಟಿಗೆ ಕ್ಯಾಮೆರಾದ ಸಣ್ಣ ಮೈಕು ಒಡೆದ ಶಬ್ದ ನೀಡುತ್ತದೆ. ಒಡೆದ ಶಬ್ದವನ್ನು ಅನಂತರ ಸರಿಪಡಿಸುವುದು ಕಷ್ಟ. ಪ್ರತ್ಯೇಕ ರೆಕಾರ್ಡರ್ ಇಟ್ಟು, ಅತಿ ಜೋರಿನ ಪೆಟ್ಟೂ ಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಲ್ಲುವಂತೆ ಹೊಂದಿಸಬೇಕು. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕುವುದು ಸುಲಭ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 45 ಜಿ.ಬಿ. ಬೇಕಾಗುತ್ತದೆ, ಹೆಚ್ಚುವರಿ ಕಾರ್ಡು, ಬ್ಯಾಟರಿ ಇಲ್ಲದೆ ಹೊರಡಬಾರದು.

ಸಣ್ಣ ಕೈಗಾರಿಕೆಯವರಿಗೂ ಇಲ್ಲಿ ಅವಕಾಶವಿದೆ. ಕ್ಯಾಮೆರಾ ಸ್ಟ್ಯಾಂಡುಗಳ ತಿರುಪು ಸಾಮಾನ್ಯವಾಗಿ ಕಾಲು ಇಂಚಿನದು, ಇಂಚಿಗೆ 20 ಎಳೆ. ಮೈಕ್ ಕಂಬಕ್ಕೆ ಹಿಡಿಯುವ, ರಬ್ಬರ್ ಮೆತ್ತೆಯುಳ್ಳ ಕ್ಲ್ಯಾಂಪನ್ನು ಸ್ಥಳೀಯ ಲೇತ್ ಕಾರ್ಖಾನೆಯಲ್ಲೇ ತಯಾರಿಸಬಹುದು.

ಕೊನೆಯದಾಗಿ ಕಾನೂನು. ಜನಪದ ಹಾಡಿಗೆ ಒಡೆಯನಿಲ್ಲವೆಂದು ಅನೇಕರು ಭಾವಿಸಿದ್ದಾರೆ. ಹಾಡು ಸಾರ್ವಜನಿಕವಾಗಿದ್ದರೂ ಹಾಡಿದವನ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ 38ನೆಯ ಕಲಮಿನಂತೆ ಪ್ರದರ್ಶಕನ ಹಕ್ಕು 50 ವರ್ಷ ಉಳಿಯುತ್ತದೆ. 2012ರ ತಿದ್ದುಪಡಿಯ ಪ್ರಕಾರ, ಚಿತ್ರೀಕರಣಕ್ಕೆ ಲಿಖಿತ ಒಪ್ಪಿಗೆ ಕೊಟ್ಟ ಕಲಾವಿದನಿಗೂ ವಾಣಿಜ್ಯ ಬಳಕೆಯಾದಲ್ಲಿ ರಾಯಧನ ಸಲ್ಲಬೇಕು. ಆದ್ದರಿಂದ ಕಾರ್ಯಕ್ರಮಕ್ಕೆ ಮುನ್ನವೇ ಕಲಾವಿದರಿಗೆ ಕನ್ನಡದಲ್ಲಿ ಓದಿ ಹೇಳಿ, ಬಳಕೆ ಮತ್ತು ಹಣದ ಪಾಲನ್ನು ನಮೂದಿಸಿ, ಒಂದು ಪುಟದ ಒಪ್ಪಂದ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಹಾಡಿಗಳಲ್ಲಿ ಹಿರಿಯರ ಒಪ್ಪಿಗೆಯನ್ನೂ ಪಡೆಯುವುದು ಸೌಜನ್ಯ.

ಕ್ಯಾಮೆರಾವನ್ನು ಯಾರಾದರೂ ಕೊಳ್ಳಬಹುದು. ಶುದ್ಧ ಧ್ವನಿ ಮತ್ತು ಕಲಾವಿದರ ವಿಶ್ವಾಸ, ಇವೆರಡನ್ನು ಗಳಿಸಿದವರಿಗೆ ಮುಂದಿನ ವರ್ಷದ ಜಾತ್ರೆಗೂ ಕರೆ ಬರುತ್ತದೆ.